ಹಿಂದಿನವನ ಬೆಲ್

ಇದು ನಮ್ಮ ಅಲ್ಲಾಳಸಂದ್ರದ ಗುರುಚರಣನಿಗೆ ಆದದ್ದು. ಹತ್ತು ಬಾಯಿ ದಾಟಿ ಬಂದ ಸುದ್ದಿಯಲ್ಲ. ಅವನೇ ನಮ್ಮ ಮನೆಯ ಮೆಟ್ಟಿಲ ಮೇಲೆ ಕುಳಿತು, ತಲೆ ಎತ್ತದೆ ಹೇಳಿದ್ದು. ನಡುವೆ ಬಾಯಿ ಹಾಕುವವರು ಈಗಲೇ ಎದ್ದು ಹೋಗಬಹುದು.

ಕತ್ತಲಾಗಿತ್ತು. ಕರೆಂಟ್ ಇರಲಿಲ್ಲ. ಗುರುಚರಣ ಕೋಗಿಲಿನ ಹಳೆಯ ಊರಿನೊಳಗೆ ತನ್ನ ಸೈಕಲನ್ನು ತಳ್ಳಿಕೊಂಡು ನಡೆದು ಬರುತ್ತಿದ್ದ. ಫ್ರಾನ್ಸಿನಿಂದ ಹಿಂದಿರುಗಿದ ದಿನದಿಂದ ಆ ಸೈಕಲ್ ಗೆಳೆಯ ಜೀಷಾನನ ಮನೆಯಲ್ಲಿಯೇ ಬಿದ್ದಿತ್ತು. ಜೀಷಾನ್ ಆರ್.ಟಿ. ನಗರಕ್ಕೆ ಮನೆ ಬದಲಿಸುವವನಿದ್ದ. ಬಂದು ತೆಗೆದುಕೊಂಡು ಹೋಗೆಂದಿದ್ದ. ಟೈರುಗಳಲ್ಲಿ ಗಾಳಿ ಇರಲಿಲ್ಲ. ಇದ್ದಿದ್ದರೂ ಅವನು ಹತ್ತುತ್ತಿರಲಿಲ್ಲ.

ದೊಡ್ಡ ರಸ್ತೆಯನ್ನು ಪೈಪ್ ಹಾಕಲು ಅಗೆದಿದ್ದರು. ತಿಂಗಳುಗಟ್ಟಲೆ ಅವನು ತಪ್ಪಿಸಿಕೊಂಡು ತಿರುಗಿದ ಬೀದಿಯೊಂದೇ ಉಳಿದ ದಾರಿ. ಆ ಬೀದಿಯ ತಿರುವಿನಲ್ಲಿ ಆಲದ ಮರವಿದೆ. ಬುಡದಲ್ಲಿ ಕಬ್ಬಿಣದ ಜಾಲರಿ ಮುಚ್ಚಿದ ಹಾಳು ಬಾವಿ. ತಿರುವು ದಾಟಿದರೆ ಕೃಷ್ಣವೇಣಿಯ ಮನೆ. ಫ್ರಾನ್ಸಿನಲ್ಲಿ ಸತ್ತ ಗೆಳೆಯ ಅನಿಕೇತನ ಅಕ್ಕ.

ಖಾಲಿ ಟೈರು ನೆಲಕ್ಕೆ ಬಡಿಯುತ್ತಿತ್ತು... ಲಪ್... ಲಪ್. ಹಿಂದಿನ ಚಕ್ರದ ಹಲ್ಲುಗಳು ಟಿಕಟಿಕ ಎನ್ನುತ್ತಿದ್ದವು. ಆಲದ ಕೆಳಗೆ ದಾರಿಗೆ ಅಡ್ಡವಾಗಿ ನಾಯಿಯೊಂದು ಮಲಗಿತ್ತು. ಅದನ್ನು ಎಬ್ಬಿಸಲೆಂದು ಅವನ ಹೆಬ್ಬೆರಳು ತಾನಾಗಿ ಬೆಲ್ ಒತ್ತಿತು.

ಟಿಣ್.

ನಾಯಿ ಎದ್ದಿತು. ಅವನ ಕಡೆ ನೋಡಲಿಲ್ಲ. ಅವನ ಬೆನ್ನ ಹಿಂದೆ ನೋಡಿತು.

ಟಿಣ್... ಟಿಣ್.

ಹಿಂದಿನಿಂದ. ಹಿತ್ತಾಳೆಯ ಸದ್ದು. ಎರಡನೆಯದು ಸ್ವಲ್ಪ ಉದ್ದವಾಗಿ ಗುಂಯ್ಗುಟ್ಟಿ ನಿಂತಿತು.

ಒಂದಕ್ಕೆ ಎರಡು ಎನ್ನುವ ಆ ಲೆಕ್ಕವನ್ನು ಇಲ್ಲಿ ತಿಳಿಸಬೇಕು. ಗುರುಚರಣ, ಜೀಷಾನ್, ಅನಿಕೇತ್ ಮೂವರೂ ಜಲ್ಲಿ ದಾರಿ, ಮಣ್ಣು ದಾರಿಗಳಲ್ಲಿ ಸೈಕಲ್ ಹೊಡೆಯುವವರು. ರಾಜಾನುಕುಂಟೆಯ ಆಚೆ ಅವರು ಹೋಗದ ಬಂಡಿಜಾಡಿಲ್ಲ. ಮುಂದಾಳು ಗುರುಚರಣ, ನಿಯಮ ಅವನದು. ಜಲ್ಲಿಯ ಮೇಲೆ ಮುಂದಿನವನು ತಿರುಗಿ ನೋಡಬಾರದು, ಚಕ್ರ ಜಾರುತ್ತದೆ. ಆದುದರಿಂದ ಪ್ರತಿ ತಿರುವಿನಲ್ಲಿಯೂ ಅವನು ಒಂದು ಸಲ ಬೆಲ್ ಹೊಡೆಯಬೇಕು. ಕೊನೆಯವನು ಎರಡು ಸಲ ಹೊಡೆದು ಉತ್ತರ ಕೊಡಬೇಕು. ಉತ್ತರ ಬರದೆ ತಿರುವು ದಾಟುವಂತಿಲ್ಲ. ಕೊನೆಯವನು ಯಾವಾಗಲೂ ಅನಿಕೇತ್. ಡ್ರಿಲ್ ಮಾಸ್ಟರ್ ಎಂದು ಇಬ್ಬರೂ ಗುರುಚರಣನನ್ನು ಹಂಗಿಸುತ್ತಿದ್ದರು. ಹಂಗಿಸಿದರೂ ನಿಯಮ ಮುರಿದವರಲ್ಲ.

ಕಳೆದ ಸೆಪ್ಟೆಂಬರಿನಲ್ಲಿ ಮೂವರೂ ಸೈಕಲ್‌ಗಳನ್ನು ಡಬ್ಬಗಳಿಗೆ ತುಂಬಿಸಿಕೊಂಡು ಫ್ರಾನ್ಸಿಗೆ ಹೋದರು. ಷಾಂಪೇನ್ ಸೀಮೆಯ ಹಳ್ಳಿದಾರಿಗಳು. ದ್ರಾಕ್ಷಿತೋಟ, ಬೀಟ್ ಗೆಡ್ಡೆಯ ಹೊಲ, ಬಾಗಿಲು ಹಾಕಿದ ಚರ್ಚು, ಮನುಷ್ಯರಿಲ್ಲದ ಬೀದಿ. ಅಲ್ಲಿಯ ನೆಲ ಸೀಮೆಸುಣ್ಣದ ಹಾಗೆ ಬಿಳಿ. ಒದ್ದೆಯಾದರೆ ಚಕ್ರಕ್ಕೆ, ಬೂಟಿಗೆ ಹಿಟ್ಟಿನಂತೆ ಮೆತ್ತಿಕೊಳ್ಳುತ್ತದೆ.

ಮೊದಲ ದಿನ ಬೆಳಕು ಹರಿಯುವ ಮುನ್ನವೇ ಹೊರಟರು. ಹೊರಡುವಾಗ ಮುಂದಾಳು ಮೂರೂ ಸೈಕಲ್‌ಗಳನ್ನು ಮುಟ್ಟಿ ನೋಡಬೇಕಾಗಿತ್ತು. ನೋಡಲಿಲ್ಲ. ಮಂಜು ಇಳಿಯಿತು. ಕೈ ಚಾಚಿದರೆ ಬೆರಳು ಕಾಣದಷ್ಟು ಮಂಜು. ತೋಟದ ಅಂಚಿನ ತಿರುವಿನಲ್ಲಿ ಗುರುಚರಣ ನಿಂತು ಬೆಲ್ ಹೊಡೆದ. ಹಿಂದಿನಿಂದ ಎರಡು ಬಂದವು. ಅವನು ಮುಂದೆ ಹೋದ.

ಅನಿಕೇತ್ ಅದಕ್ಕೂ ಹಿಂದಿನ ಇಳಿಜಾರಿನಲ್ಲಿಯೇ ಬಿದ್ದಿದ್ದ. ಟ್ರ್ಯಾಕ್ಟರಿನ ರೈತನೊಬ್ಬ ನೋಡುವ ಹೊತ್ತಿಗೆ ಬಹಳ ತಡವಾಗಿತ್ತು.

ಹನ್ನೊಂದನೆಯ ದಿನದ ಕರ್ಮ ಮುಗಿದ ಮೇಲೆ, ಎಲ್ಲರ ಎದುರಿಗೆ, ಗುರುಚರಣ ನಡೆದದ್ದನ್ನು ಹೇಳಿದ. ಬೆಲ್ ಕೇಳಿಸಿತು, ಆದುದರಿಂದ ಮುಂದೆ ಹೋದೆ ಎಂದ. ಜೀಷಾನನನ್ನು ಕೇಳಿದರು.

"ನಂಗೆ ಕೇಳಿಸ್ಲಿಲ್ಲ ಮಚ್ಚಾ," ಎಂದ ಜೀಷಾನ್. "ನಿಂಗೋಸ್ಕರನೂ ಸುಳ್ಳು ಹೇಳಕ್ಕಾಗಲ್ಲ."

ಕೃಷ್ಣವೇಣಿ ಎದ್ದು ಒಳಗೆ ಹೋದಳು. ಅಂದಿನಿಂದ ಆ ಮನೆಯ ಗೇಟು ಅವನಿಗೆ ತೆರೆಯಲಿಲ್ಲ. ಅವನನ್ನು ತಮ್ಮನ ಹಾಗೆಯೇ ಊಟಕ್ಕೆ ಕೂರಿಸುತ್ತಿದ್ದವಳು ಅವಳು. ತಾಯಿಯಿಲ್ಲದ ಗುರುಚರಣನಿಗೆ ಹಬ್ಬ ಎನ್ನುವುದು ಆ ಮನೆಯಲ್ಲಿಯೇ ಆಗುತ್ತಿತ್ತು. ಜನ ಏನೆಂದರೂ ಅವನಿಗೆ ತಾಗುತ್ತಿರಲಿಲ್ಲ. ಅವಳೊಬ್ಬಳು ತನ್ನನ್ನು ನಂಬಬೇಕಾಗಿತ್ತು. ಅವಳು ನಂಬಲಿಲ್ಲ. ಅವನು ಅಳುವುದನ್ನೂ ನಿಲ್ಲಿಸಿದ. ಉಂಡರೆ ಉಂಡ, ಮಲಗಿದರೆ ಮಲಗಿದ. ಕೈಮೇಲೆ ಬಿಸಿ ನೀರು ಬಿದ್ದರೂ ಮೆಲ್ಲಗೆ ಹಿಂದೆ ಎಳೆದುಕೊಳ್ಳುವ ಸ್ಥಿತಿ.

ಹಾಗಾಗಿಯೇ ಆಲದ ಕೆಳಗೆ ಅವನಿಗೆ ಭಯವಾಗಲಿಲ್ಲ. ತಿರುಗಿಯೂ ನೋಡಲಿಲ್ಲ. ಉತ್ತರ ಬಂದಿತ್ತು. ತಿರುವು ದಾಟಿದ.

ಲಪ್... ಲಪ್. ಅದರ ಹಿಂದೆ ಇನ್ನೊಂದು ಸದ್ದು. ಕರ... ಕರ... ಜಲ್ಲಿಯ ಮೇಲೆ ಗಾಳಿ ತುಂಬಿದ ಟೈರು ಉರುಳುವ ಸದ್ದು. ಆ ಬೀದಿಗೆ ಸಿಮೆಂಟು ಹಾಕಿ ವರ್ಷಗಳಾಗಿವೆ. ಒಂದು ಹರಳು ಜಲ್ಲಿಯಿಲ್ಲ.

ಕೃಷ್ಣವೇಣಿಯ ಮನೆಯ ಎದುರಿಗೆ ಬಂದಾಗ ಅದು ನಿಂತಿತು.

ಅವಳು ಗೇಟಿನ ಬಳಿಯೇ ನಿಂತಿದ್ದಳು. ಕೈಯಲ್ಲಿ ಮೇಣದ ಬತ್ತಿ.

"ಈಗ ಬೆಲ್ ಹೊಡೆದಿದ್ದು ನೀನಾ?" ಪಿಸುಮಾತು.

"ಒಂದೇ ಸಲ ಅಕ್ಕ."

"ಒಂದು ಬೀದೀಲಿ ಕೇಳಿಸ್ತು. ಎರಡು... ನನ್ನ ಅಡುಗೆಮನೇಲಿ."

ಅವಳು ಚಿಲಕ ತೆಗೆದಳು.

"ಒಳಗ್ ಬಾ."

ಸೈಕಲನ್ನು ಗೋಡೆಗೆ ಒರಗಿಸಿ ಹೋದ. ಒಲೆಯ ಮೇಲಿನ ಶೆಲ್ಫು. ಡಬ್ಬಗಳ ಹಿಂದೆ ಹಳೆಯ ಪೇಪರಿನಲ್ಲಿ ಸುತ್ತಿ ದಾರ ಕಟ್ಟಿದ ಸಣ್ಣ ಪೊಟ್ಟಣ. ಅದನ್ನು ತೆಗೆದು ಮೇಜಿನ ಮೇಲಿಟ್ಟಳು.

"ಇದೇನಕ್ಕ?"

"ಅನಿಕೇತನ ಬೆಲ್."

"ಅದು ಸೈಕಲ್‌ನಲ್ಲಿ..."

"ಇರ್ಲಿಲ್ಲ ಕಣೋ." ಅವಳ ದನಿ ಏರಲಿಲ್ಲ. ಡಬ್ಬಕ್ಕೆ ತುಂಬುವಾಗ ಹ್ಯಾಂಡಲ್ ತಿರುಗಿಸಬೇಕು, ಬೆಲ್ ಒತ್ತುತ್ತದೆ ಎಂದು ಅನಿಕೇತ್ ಅದನ್ನು ಬಿಚ್ಚಿದ್ದನಂತೆ. ಸುತ್ತಿಟ್ಟವನು ಮನೆಯಲ್ಲಿಯೇ ಮರೆತು ಹೋದನಂತೆ. "ಅಲ್ಲಿಗೆ ಹೋದ್ಮೇಲೆ ಫೋನ್ ಮಾಡಿದ್ದ. ಗುರುಗೆ ಹೇಳ್ಬೇಡ ಅಕ್ಕ, ಡ್ರಿಲ್ ಮಾಸ್ಟರ್ ನನ್ನನ್ನ ರೂಮಲ್ಲೇ ಬಿಟ್ಟು ಹೋಗ್ತಾನೆ, ಅಂದ. ನಕ್ಕ. ಅದೇ ಕೊನೇ ಮಾತು."

ಗುರುಚರಣ ಪೊಟ್ಟಣವನ್ನೇ ನೋಡಿದ.

"ಬೆಲ್ ಇಲ್ಲಿದೆ. ನೀನು ಅಲ್ಲಿ ಕೇಳಿಸ್ತು ಅಂದೆ. ಸುಳ್ಳು ಹೇಳ್ತಿದೀಯ ಅಂದ್ಕೊಂಡೆ." ಪೊಟ್ಟಣವನ್ನು ಹತ್ತಿರ ಎಳೆದುಕೊಂಡು ಕೇಳಿದಳು: "ಅವತ್ತೂ ಹೀಗೇ ಕೇಳಿಸ್ತಾ?"

"ಹೀಗೇ. ಎರಡನೇದು ಉದ್ದ."

"ಹೂಂ... ಉದ್ದ."

ಅವಳು ಅಳಲಿಲ್ಲ. ಅವನೂ ಅಳಲಿಲ್ಲ. ಗಂಟು ಅನಿಕೇತ್ ಹಾಕಿದ್ದು, ಬಿಗಿಯಾಗಿತ್ತು. ಉಗುರಿಗೆ ಸಡಿಲವಾಗಲಿಲ್ಲ. ಅವಳು ಹಲ್ಲಿನಿಂದ ಬಿಚ್ಚಿದಳು. ಪೇಪರು ಗರಿಗರಿಯಾಗಿ ಒಣಗಿತ್ತು. ಒಂದು ಸುತ್ತು... ಇನ್ನೊಂದು ಸುತ್ತು... ಬೆಲ್ ಹೊರಗೆ ಬಂತು.

ಅದರ ಮೈಗೆಲ್ಲ ಬಿಳಿಯ ಕೆಸರು ಮೆತ್ತಿತ್ತು. ಹಸಿ ಕೆಸರು. ಒತ್ತುವ ಜಾಗದಲ್ಲಿ ಮಾತ್ರ, ಒಂದು ಹೆಬ್ಬೆರಳಿನಷ್ಟು ಅಗಲಕ್ಕೆ, ಹಿತ್ತಾಳೆ ಹೊಳೆಯುತ್ತಿತ್ತು.

ಕೃಷ್ಣವೇಣಿ ಎರಡು ತಟ್ಟೆ ಇಟ್ಟಳು. ಅವನು ಕುಳಿತು ಉಂಡ.

ನೀವು ನಂಬುವುದು, ಬಿಡುವುದು ನಿಮಗೆ ಸೇರಿದ್ದು. ನಡೆದದ್ದು ನಡೆದಿದೆ. ಮರುದಿನ ನಾನೇ ಹೋಗಿ ಆ ಬೆಲ್ ನೋಡಿದೆ. ಕೆಸರು ಆಗಲೂ ಒಣಗಿರಲಿಲ್ಲ. ಕೋಗಿಲಿನ ಮಣ್ಣು ಕೆಂಪು.