ರೂಮಿನಲ್ಲೇ ಉಳಿದವನು

ಮಾನ್ಯ ಅಧ್ಯಕ್ಷರೇ, ಒಂದೇ ಮೇಜಿಗೆ ಒತ್ತಿಕೊಂಡು ಕೂತಿರುವ ವೇದಿಕೆಯ ಗಣ್ಯರೇ, ನನ್ನನ್ನು ಇಷ್ಟು ದೂರ ಕರೆಸಿದ ಓದುಗರ ಬಳಗದ ಕಾರ್ಯದರ್ಶಿಗಳೇ, ನನ್ನ ಹೆಂಡತಿ ಬರೆದದ್ದನ್ನು ಓದಿದ ಸಭಿಕರೇ,

ನಾನು ಏಳನೇ ತರಗತಿಗೆ ಶಾಲೆ ಬಿಟ್ಟವನು. ನಲವತ್ತೆರಡು ವರ್ಷದಿಂದ ಸಣ್ಣದೊಂದು ಅಂಗಡಿ ಇಟ್ಟು ನಲ್ಲಿ, ಪೈಪು ರಿಪೇರಿ ಮಾಡಿಕೊಂಡು ಬಂದಿದ್ದೇನೆ. ಭಾಷಣ ಮಾಡಿ ಅಭ್ಯಾಸವಿಲ್ಲ, ಬೈದು ಅಭ್ಯಾಸ. ಮಾತು ಎಲ್ಲಾದರೂ ಒರಟಾದರೆ ಅದು ನಿಮ್ಮ ಮೇಲಿನ ಸಿಟ್ಟಲ್ಲ, ಗಂಟಲೇ ಹಾಗೆ. ನಿಮ್ಮ ಸಭಾಂಗಣದ ಹಿಂದೆ ಕೈತೊಳೆಯುವ ಜಾಗದಲ್ಲಿ ನಲ್ಲಿಯೊಂದು ಸೋರುತ್ತಿದೆ. ಯಾವ ಪುಣ್ಯಾತ್ಮ ಕೂರಿಸಿದನೋ, ನೋಡಿದಾಗಿನಿಂದ ತಲೆ ಕೆಟ್ಟಿದೆ. ಇರಲಿ.

ಕಾರ್ಯದರ್ಶಿಗಳು ಈಗ ತಾನೇ ನನ್ನನ್ನು ಪರಿಚಯಿಸುತ್ತಾ, "ಮೂರು ದೇಶಗಳಲ್ಲಿ ಹೆಂಡತಿಯ ಜೊತೆ ಹೆಜ್ಜೆ ಹಾಕಿದ ಅಪರೂಪದ ಸಂಗಾತಿ" ಎಂದರು. ನೀವು ಚಪ್ಪಾಳೆ ಹೊಡೆದಿರಿ. ಆ ಚಪ್ಪಾಳೆ ನನ್ನದಲ್ಲ. ನಾನು ಯಾವ ದೇಶಕ್ಕೂ ಹೋಗಿಲ್ಲ. ವಿಮಾನವನ್ನು ನೆಲದ ಮೇಲೆ ನಿಂತು, ಕತ್ತೆತ್ತಿ ನೋಡಿದ್ದೇನೆ, ಅಷ್ಟೇ. ನನಗೆ ಪಾಸ್‌ಪೋರ್ಟೇ ಇಲ್ಲ.

ಗುಸುಗುಸು ಬೇಡ. ಪೂರ್ತಿ ಕೇಳಿ, ಆಮೇಲೆ ಬೈಯಿರಿ.

ನನ್ನ ಹೆಂಡತಿ ಟೆಲಿಫೋನ್ ಆಫೀಸಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವಳು. ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಯಾರ್‍ಯಾರದೋ ಕರೆಯನ್ನು ಯಾವ್ಯಾವುದೋ ಊರಿಗೆ ಜೋಡಿಸುತ್ತಿದ್ದಳು. ನಿವೃತ್ತಿಯಾದ ಮೇಲೆ ಒಂದು ದಿನ ಕೇಳಿದಳು. "ರೀ, ಕಿವಿಯಲ್ಲೇ ಕೇಳಿದ ಊರುಗಳನ್ನ ಒಂದ್ಸಲ ಕಣ್ಣಲ್ಲಿ ನೋಡ್ಬೇಕು. ನೀವೂ ಬನ್ನಿ."

"ಅಂಗಡಿ ನಿಮ್ಮಪ್ಪ ನೋಡ್ಕೋತಾನಾ?" ಎಂದೆ.

ಅವಳ ಅಪ್ಪ ತೀರಿಕೊಂಡು ಹತ್ತು ವರ್ಷವಾಗಿತ್ತು. ಒಬ್ಬಳೇ ಹೋದಳು. ಹೋದಲ್ಲಿಂದ ದಿನಾ ಬ್ಲಾಗು ಬರೆದಳು. ಅದಕ್ಕೆ 'ಇಬ್ಬರು, ಒಂದು ಸೂಟ್‌ಕೇಸು' ಎಂದು ಹೆಸರಿಟ್ಟಿದ್ದು ನಿಮಗೆಲ್ಲ ಗೊತ್ತು. ನನಗೆ ಗೊತ್ತಿರಲಿಲ್ಲ. ಮನೆಗೆ ಬಂದಾಗ ಫೋನನ್ನು ನನ್ನ ಮುಂದೆ ಹಿಡಿದು, "ಓದ್ರೀ, ಒಂದೇ ಒಂದು ಪುಟ" ಎನ್ನುತ್ತಿದ್ದಳು. "ನೀನು ನೋಡಿದ್ದು ನೀನೇ ಇಟ್ಕೋ" ಎನ್ನುತ್ತಿದ್ದೆ. ನಾನು ಓದುವುದು ನಿಧಾನ. ಅಕ್ಷರದ ಕೆಳಗೆ ಬೆರಳಿಟ್ಟೇ ಓದಬೇಕು. ಅವಳೆದುರು ಬೆರಳಿಡಲು ನಾಚಿಕೆ. ನಾಚಿಕೆ ಎನ್ನುವುದಕ್ಕಿಂತ ಸಿಟ್ಟು ಮಾಡುವುದು ಸುಲಭ, ಅಲ್ಲವೇ?

ಮೂರನೇ ಪ್ರವಾಸ ಮುಗಿಸಿ ಬಂದ ಐದನೇ ವಾರ, ಬಟ್ಟೆ ಮಡಿಸುತ್ತಾ ಕೂತವಳು ಹಾಗೇ ಗೋಡೆಗೆ ಒರಗಿದಳು. ಹೃದಯ ನಿಂತಿದೆ ಎಂದರು ಡಾಕ್ಟರು.

ಅದಾದ ಎರಡು ತಿಂಗಳಿಗೆ ನಿಮ್ಮ ಕಾರ್ಯದರ್ಶಿಗಳ ಫೋನು. "ದೋಣಿಯಲ್ಲಿ ನೀವು ಟಿಕೆಟ್ ಕೊಡೋನ ಜೊತೆ ಜಗಳ ಆಡಿದ್ದು ಓದಿ ನಾವೆಲ್ಲ ಬಿದ್ದುಬಿದ್ದು ನಕ್ಕಿದ್ವಿ ಸಾರ್." ಯಾರಿಗೋ ಮಾಡುವ ಫೋನು ನನಗೆ ಬಂತು ಎಂದುಕೊಂಡು ಚೆನ್ನಾಗಿ ಉಗಿದೆ. ಅವರು ಬೇಸರಿಸಿಕೊಳ್ಳಲಿಲ್ಲ. "ಹೌದು, ಇದು ಅವರೇ" ಎಂದು ಪಕ್ಕದವರಿಗೆ ಹೇಳಿದ್ದು ನನಗೆ ಕೇಳಿಸಿತು.

ಆವತ್ತು ಅಂಗಡಿ ಮುಚ್ಚಿ ಓದಲು ಕೂತೆ. ಬೆರಳಿಟ್ಟೇ ಓದಿದೆ. ಒಂದು ತಿಂಗಳು ಹಿಡಿಯಿತು.

ಪುಟಪುಟಕ್ಕೂ ನಾನಿದ್ದೆ, ಸ್ವಾಮಿ. ಮೆಟ್ಟಿಲು ಬಂದ ಕಡೆಯೆಲ್ಲ ಗೊಣಗುತ್ತಾ ಸೂಟ್‌ಕೇಸು ಹೊರುವವನು ನಾನು. ಮನೆಯಿಂದ ಬಸ್ ನಿಲ್ದಾಣದವರೆಗೂ ಅವಳ ಚೀಲ ಹಿಡಿದವನಲ್ಲ ನಾನು! ಅವಳಿರುವ ಒಂದೊಂದು ಫೋಟೋದ ಕೆಳಗೂ 'ತೆಗೆದವರು: ನಮ್ಮನೆಯವರು' ಎಂದಿದೆ. ಯಾವ ದಾರಿಹೋಕರ ಕೈಗೆ ಫೋನು ಕೊಟ್ಟು ತೆಗೆಸಿಕೊಂಡಳೋ. ಒಂದರಲ್ಲಿ ಮೂಲೆಗೆ ದಪ್ಪ ಬೆರಳು ಅಡ್ಡ ಬಂದಿದೆ. 'ಇವರ ಬೆರಳು, ನನ್ನ ತಲೆಗಿಂತ ದೊಡ್ಡದು' ಎಂದು ಬರೆದಿದ್ದಾಳೆ.

ಹಾಗಾದರೆ ಎಲ್ಲ ಸುಳ್ಳೇ? ನಾನೂ ಮೊದಲು ಹಾಗೇ ಅಂದುಕೊಂಡೆ. ಹೋಟೆಲಿನ ನಲ್ಲಿಯ ಪುಟಕ್ಕೆ ಬಂದಾಗ ಕೈ ನಿಂತಿತು. ನಿಮಗೆ ನೆನಪಿರಬಹುದು. ರೂಮಿನ ನಲ್ಲಿ ತೊಟ್ಟಿಕ್ಕುತ್ತಿತ್ತು, ನಾನು ಎದ್ದು ಸರಿಮಾಡಿದೆ ಎಂದಿದೆ. ನಿಜವಾಗಿ ನಡೆದದ್ದು, ಕೆಲಸದ ಹೊತ್ತಿಗೆ ಸರಿಯಾಗಿ ಅವಳ ಫೋನು ಬಂತು. "ರೀ, ನಲ್ಲಿ ಸೋರ್ತಿದೆ. ಏನ್ ಮಾಡ್ಲಿ?"

"ಹೋಟೆಲಿನವರಿಗೆ ಹೇಳೇ! ನಾನೇನು ಇಲ್ಲಿಂದ ಕೈ ಹಾಕ್ಲಾ?"

ಇಟ್ಟುಬಿಡಬಹುದಿತ್ತು. ಆದರೆ ಸೋರುವ ನಲ್ಲಿ ಎಂದರೆ ನನಗೆ ತಡೆಯುವುದಿಲ್ಲ. "ಸ್ಪಾನರ್ ಇಸ್ಕೋ. ಮೊದ್ಲು ಕೆಳಗಿನ ವಾಲ್ವ್ ಮುಚ್ಚು, ಆಮೇಲೆ ಬಿಚ್ಚು. ಇಲ್ಲಾಂದ್ರೆ ನೀರು ಮುಖಕ್ಕೆ ಹೊಡೆಯುತ್ತೆ, ಪೆದ್ದಿ. ವಾಷರ್ ಸವೆದಿರುತ್ತೆ, ತಿರುಗಿಸಿ ಹಾಕು." ಅವಳೇ ರಿಪೇರಿ ಮಾಡಿದಳು. ಬ್ಲಾಗಿನಲ್ಲಿ ಸ್ಪಾನರ್ ನನ್ನ ಕೈಯಲ್ಲಿದೆ. ಆ 'ಪೆದ್ದಿ' ಕೂಡ ಹಾಗೇ ಇದೆ.

ಹಿಂದಕ್ಕೆ ಹೋಗಿ ಮತ್ತೆ ಓದಿದೆ. ನಾನು ಆಡಿದ ಹಾಗೆ ಬರೆದ ಒಂದೊಂದು ಮಾತೂ ನಾನು ಫೋನಿನಲ್ಲಿ ಆಡಿದ್ದೇ. ಆ ಟಿಕೆಟ್ ಕೊಡುವವನು ಅವಳಿಗೆ ಚಿಲ್ಲರೆ ಇಲ್ಲವೆಂದಾಗ, "ಫೋನ್ ಕೊಡು ಅವನಿಗೆ" ಎಂದು ನಮ್ಮ ಭಾಷೆಯಲ್ಲೇ ಅವನನ್ನು ಬೈದಿದ್ದೆ. ಮಾತು ನನ್ನಿಂದ ಇಸಿದುಕೊಂಡಳು. ಜೊತೆಗೆ ನಿಲ್ಲುವ ಮನುಷ್ಯನನ್ನು ಮಾತ್ರ ತಾನೇ ಮಾಡಿಕೊಂಡಳು.

ನಾನು ಫೋನು ಎತ್ತದ ದಿನ? ಆ ದಿನದ ಪುಟದಲ್ಲಿ ಒಂದೇ ಸಾಲು. 'ಇವತ್ತು ಇವರು ರೂಮಿನಲ್ಲೇ ಉಳಿದರು. ನಾನೊಬ್ಬಳೇ ಸುತ್ತಿ ಬಂದೆ.'

ಮೂರನೇ ಪ್ರವಾಸಕ್ಕೆ ಮುಂಚೆ ಅವಳು ನನ್ನ ಪಾಸ್‌ಪೋರ್ಟಿನ ಅರ್ಜಿಯನ್ನು ತಾನೇ ತುಂಬಿ ತಂದಳು. "ಒಂದು ಸಹಿ ಹಾಕ್ರೀ, ಸಾಕು." ನನ್ನನ್ನು ಕೇಳದೆ ತುಂಬಿದ್ದೇಕೆ ಎಂದು ಹರಿದು ಹಾಕಿದೆ. ಅವಳು ಹೊರಟ ಮೇಲೆ, ಆ ಪ್ರವಾಸದ ಹದಿನೇಳು ದಿನವೂ ಫೋನು ಎತ್ತಲಿಲ್ಲ. ದಿನಾ ಹೊಡೆದುಕೊಳ್ಳುತ್ತಿತ್ತು. ಅಂಗಡಿಗೆ ಬಂದವರು, "ಎತ್ತಿ ಮಾರಾಯ್ರೇ" ಎನ್ನುತ್ತಿದ್ದರು. ಎತ್ತಲಿಲ್ಲ.

ಹದಿನೇಳು ಪುಟ. ಹದಿನೇಳರಲ್ಲೂ ನಾನು ರೂಮಿನಲ್ಲೇ ಇದ್ದೇನೆ. ಫೋಟೋಗಳಲ್ಲಿ ಸೇತುವೆ ಇದೆ, ಗಡಿಯಾರದ ಗೋಪುರ ಇದೆ, ಖಾಲಿ ಬೆಂಚು ಇದೆ. ಅವಳ ಫೋಟೋ ಒಂದೂ ಇಲ್ಲ. ತೆಗೆಯುವವನು ರೂಮಿನಲ್ಲಿದ್ದನಲ್ಲ.

ನಿಮ್ಮಲ್ಲಿ ಯಾರೋ ಒಂದು ಪುಟದ ಕೆಳಗೆ ಬರೆದು ಕೇಳಿದ್ದೀರಿ. 'ಅಮ್ಮಾ, ಯಜಮಾನರಿಗೆ ಹುಷಾರಿಲ್ವಾ? ಅವರ ಬೈಗುಳ ಇಲ್ಲದೆ ಸಪ್ಪೆ.' ಅವಳು ಉತ್ತರ ಕೊಟ್ಟಿದ್ದಾಳೆ. 'ಚೆನ್ನಾಗಿದ್ದಾರೆ. ನನ್ನ ಮೇಲೆ ಕೋಪ. ಇಳಿದ ಮೇಲೆ ತಾವೇ ಬರ್ತಾರೆ.'

ಊರಿಗೆ ಬಂದ ಮೇಲೆ ಐದು ವಾರ ಅವಳು ನನ್ನ ಎದುರಿಗೇ ಇದ್ದಳು. ಅದೇ ಮನೆ, ಅದೇ ಊಟದ ಮೇಜು. "ಹೇಗಿತ್ತೇ?" ಎಂದು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ನಾಳೆ ಕೇಳೋಣ, ಅವಳೇ ಮೊದಲು ಹೇಳಲಿ, ಎಂದುಕೊಂಡೇ ಕೂತೆ.

ಆ ಪ್ರಶ್ನೆ ಕೇಳಿದವರು ಈ ಸಭೆಯಲ್ಲಿದ್ದರೆ ಕೈ ಎತ್ತುವುದು ಬೇಡ. ಅವಳ ಉತ್ತರ ತಪ್ಪು. ನಾನು ಬರಲಿಲ್ಲ. ಅದೊಂದನ್ನು ತಿದ್ದಿಕೊಳ್ಳಿ. ಮಿಕ್ಕದ್ದರಲ್ಲಿ ಅವಳನ್ನು ಸುಳ್ಳಿ ಎನ್ನಬೇಡಿ. ಅಂದರೆ ನನಗೆ ಸಿಟ್ಟು ಬರುತ್ತದೆ.

ಅವಳು ಹೋಗಿ ಬಂದದ್ದನ್ನು, ಹೇಗಿತ್ತು, ಏನು ನೋಡಿದಿರಿ ಎಂದು ದಿನಾ ಕೇಳಿದವರು ನೀವು. ನನ್ನ ಮನೆಯಲ್ಲಿ ಯಾರೂ ಕೇಳಲಿಲ್ಲ. ನಿಮಗೆ ನನ್ನ ನಮಸ್ಕಾರ.