ಒಂದಿಂಚಿನ ಶವರು, ಅರ್ಧ ಇಂಚಿನ ಪೈಪು

ಯಾರದು ಹಿಂದಿನ ಸಾಲಿನಲ್ಲಿ, ‘ಅಜ್ಜನಿಗೆ ಮರೆವು, ಹೋದ ಸಲ ಬೇರೆ ಥರ ಹೇಳಿದ್ದರು’ ಎಂದು ಗೊಣಗಿದ್ದು? ನನಗೆ ಮರೆವಾದರೆ, ಹೋದ ಸಲ ಪ್ರಸಾದಕ್ಕೆ ಎರಡು ಬಾರಿ ಸಾಲಿನಲ್ಲಿ ನಿಂತವನು ನೀನೇ ಎನ್ನುವುದು ಹೇಗೆ ನೆನಪಿದೆ? ಬಾಯಿ ಮುಚ್ಚಿ ಕೇಳು.

ಒಂದೂರು. ಅಲ್ಲೊಬ್ಬ ಹಣವಂತ. ಹೆಸರು ಹೇಳುವುದಿಲ್ಲ, ಅವನ ನೆಂಟರು ಇಲ್ಲೇ ಕಂಬಕ್ಕೆ ಒರಗಿ ಕೂತಿದ್ದಾರೆ. ಅವನ ಮಗ ಒಬ್ಬ ಶಾಲೆ ಮೇಷ್ಟರ ಮಗಳನ್ನು ಮೆಚ್ಚಿದ. ಮೇಷ್ಟರದು ಎರಡೇ ಕೋಣೆಯ ಮನೆ. ಆದರೂ ಹಣವಂತ ಒಪ್ಪಿದ. ಒಪ್ಪದೆ ಏನು ಮಾಡುತ್ತಾನೆ? ಮಗ ಊಟ ಬಿಟ್ಟು ಕೂತಿದ್ದ!

ನಿಶ್ಚಿತಾರ್ಥಕ್ಕೆ ವಾರವಿರುವಾಗ ಮೇಷ್ಟರು ಮನೆ ನೋಡಲು ಬರುವವರಿದ್ದರು. ಹಣವಂತನ ತಲೆಯಲ್ಲಿ ಒಂದೇ ಯೋಚನೆ: ‘ಈ ಮೇಷ್ಟರು ನಮ್ಮ ಮನೆಯಲ್ಲಿ ಒಂದು ಸ್ನಾನ ಮಾಡಬೇಕು. ಆಮೇಲೆ ಆರು ತಿಂಗಳು ಅದನ್ನೇ ಹೇಳಿಕೊಂಡು ತಿರುಗಬೇಕು.’ ತಂದ ನೋಡಿ ಒಂದು ಶವರು! ಊಟದ ತಟ್ಟೆಯಷ್ಟು ಅಗಲ. ಅದಕ್ಕೆ ಒಂದಿಂಚಿನ ಪೈಪು.

ಪ್ಲಂಬರ್ ಬಂದ, ಗೋಡೆ ಒಡೆದ, ನೋಡಿದ.

“ಯಜಮಾನ್ರೆ, ಗೋಡೆಯೊಳಗಿರೋದು ಅರ್ಧ ಇಂಚಿನ ಲೈನು. ಇದಕ್ಕೂ ಅದಕ್ಕೂ ನೇರ ಕೂರಲ್ಲ. ಮಧ್ಯೆ ಒಂದು ರೆಡ್ಯೂಸರ್ ಹಾಕ್ಬೇಕು.”

“ಏನದು?”

“ಇಷ್ಟೇ ಇಷ್ಟು ತುಂಡು. ಒಂದು ಬಾಯಿ ದೊಡ್ಡದು, ಒಂದು ಬಾಯಿ ಸಣ್ಣದು. ಎರಡನ್ನೂ ಹಿಡ್ಕೊಳ್ಳುತ್ತೆ.”

“ನನ್ನ ಮನೇಲಿ ಸಣ್ಣದು ಯಾವುದೂ ಬೇಡ ಕಣೋ!”

“ಗೋಡೆಯೊಳಗಿರುತ್ತೆ ಯಜಮಾನ್ರೆ, ಯಾರಿಗೆ ಕಾಣುತ್ತೆ?”

“ನನಗೆ ಗೊತ್ತಿರುತ್ತಲ್ಲ!”

ನೋಡಿ, ಅಲ್ಲೇ ಇರುವುದು ರೋಗ. ಪೈಪಿನದಲ್ಲ ಅವನ ಸಂಕಟ. ಚಪ್ಪಲಿ ಹೊರಗೆ ಬಿಟ್ಟು ಬಂದ ಪ್ಲಂಬರ್ ಒಬ್ಬ ತನಗೆ ಬುದ್ಧಿ ಹೇಳುವುದೇ? ಅದು ಸಂಕಟ.

“ದೊಡ್ಡ ಪೈಪಿನ ಬಾಯಿ ಬೆಂಕಿಗೆ ಹಿಡಿ. ಮೆತ್ತಗಾದ ಮೇಲೆ ಸಣ್ಣದರ ಮೇಲೆ ಅಮುಕಿ ತಂತಿ ಬಿಗಿ. ಮುಗೀತು.”

“ನಿಲ್ಲಲ್ಲ ಯಜಮಾನ್ರೆ.”

“ಹೇಳಿದಷ್ಟು ಮಾಡು!”

ಮಾಡಿದ. ಮೇಲೆ ಟೈಲ್ಸ್ ಬಂತು. ತಿರುಗಿಸಿದರೆ ಅಷ್ಟಗಲದ ಶವರಿನಿಂದ ತೊಟ್ಟು ತೊಟ್ಟು ನೀರು. ಅರ್ಧ ಇಂಚಿನಲ್ಲಿ ಬಂದ ನೀರು ತಟ್ಟೆ ನೋಡಿ ಹೆಚ್ಚಾಗುತ್ತದೆಯೇ? ಹಣವಂತ ಬಿಟ್ಟಾನೆಯೇ? ನೀರನ್ನು ಜೋರಾಗಿ ತಳ್ಳಲು ಮೋಟಾರು ಕೂರಿಸಿದ.

ಮೇಷ್ಟರು ಬಂದರು. “ಕಾಫಿ ಆಮೇಲೆ ಬೀಗರೇ, ಮೊದಲು ಸ್ನಾನ!” ಎಂದು ಹಣವಂತ ಅವರನ್ನು ತಳ್ಳಿಕೊಂಡೇ ಹೋದ. ಬೇಡ ಬೇಡ, ಬೆಳಿಗ್ಗೆಯೇ ಆಗಿದೆ ಎಂದರೂ ಬಿಡಲಿಲ್ಲ. ಬಾಗಿಲ ಹೊರಗೆ ನಿಂತು, ಈಗ ಹೊಗಳುತ್ತಾರೆ, ಈಗ ಹೊಗಳುತ್ತಾರೆ ಎಂದು ಕಿವಿಗೊಟ್ಟ. ಮೋಟಾರು ಗುರ್ ಎಂದಿತು. ಆಮೇಲೆ ಢಬ್! ಗೋಡೆಯೊಳಗೆ ಜಾಯಿಂಟ್ ಕಿತ್ತು ನಾಲ್ಕು ಟೈಲ್ಸ್ ಹಾರಿದವು. ತಲೆಯ ತುಂಬಾ ಸೋಪು, ಸೊಂಟಕ್ಕೊಂದು ಟವೆಲು, ಮೇಷ್ಟರು ಹೊರಗೆ ಬಂದರು.

“ಬೀಗರೇ, ಒಂದು ಬಕೆಟ್ಟು, ಒಂದು ಚೊಂಬು ಸಿಗುತ್ತಾ?”

ಪ್ಲಂಬರ್ ಮತ್ತೆ ಬಂದ. ರೆಡ್ಯೂಸರ್ ಹಾಕಿ ಹೋದ. ಪೈಪು ಇವತ್ತಿಗೂ ಗಟ್ಟಿಯಾಗಿದೆ.

ಕಥೆ ಮುಗಿಯಿತು ಅಂದುಕೊಂಡಿರಾ? ಪೈಪಿಗೆ ಬುದ್ಧಿ ಬಂತು, ಇವನಿಗೆ ಬರಬೇಡವೇ?

ಹೋದ ಮಾನ ತರಬೇಕೆಂದು ಹಣವಂತ ಮೇಷ್ಟರ ಮನೆಗೆ ಹೋದ. ಮನೆಯಾಕೆ ಮಜ್ಜಿಗೆ ಕೊಟ್ಟರು. ಒಂದು ಗುಟುಕು ಕುಡಿದು ಲೋಟ ಇಟ್ಟ, ಸುತ್ತ ನೋಡಿದ. ಪ್ರೀತಿಯಿಂದಲೇ ಮಾತಾಡುತ್ತಿದ್ದೇನೆ ಎಂದುಕೊಂಡೇ ಹೇಳಿದ: “ಅಯ್ಯೋ, ಇಷ್ಟರಲ್ಲಿ ಹೆಂಗಿರ್ತೀರಿ ಬೀಗರೇ? ನಮ್ಮ ಬಚ್ಚಲೇ ಇದಕ್ಕಿಂತ ದೊಡ್ಡದು!”

ಹುಡುಗಿ ಒಳಗಿನಿಂದ ಬಂದಳು. ಲೋಟ ಎತ್ತಿಕೊಂಡಳು.

“ಹಾಗಾದ್ರೆ ನೀವು ಬಚ್ಚಲಲ್ಲೇ ಸುಖವಾಗಿರಿ. ನಾನು ಇಲ್ಲೇ ಇರ್ತೀನಿ.”

ಸಂಬಂಧ ಅಲ್ಲಿಗೆ ಮುರಿಯಿತು. ಮಗ ಮತ್ತೆ ತಟ್ಟೆ ತಳ್ಳಿ ಕೂತ. ಈ ಸಲ ಅಪ್ಪ ಒಪ್ಪಿ ಏನು ಪ್ರಯೋಜನ? ಹುಡುಗಿ ಒಪ್ಪಬೇಕಲ್ಲ!

ನಗುತ್ತೀರಿ. ನಗಿ, ನಗಿ. ಮೊದಲ ಸಾಲಿನ ರೇಷ್ಮೆ ಸೀರೆಯಮ್ಮ ಎಲ್ಲರಿಗಿಂತ ಜೋರಾಗಿ ನಕ್ಕರು. ಅಮ್ಮಾ, ನಿಮ್ಮ ಮನೆ ಪಾತ್ರೆ ತೊಳೆಯುವ ಹೆಂಗಸಿಗೆ ಎಷ್ಟು ಮಕ್ಕಳು? ಗೊತ್ತಿಲ್ಲ. ಎಷ್ಟು ವರ್ಷದಿಂದ ಬರುತ್ತಾಳೆ? ಒಂಬತ್ತು! ತಂತಿ ಬಿಗಿದು ಜೋಡಿಸಿದ ಜಾಯಿಂಟ್ ಅದು. ಒಂದು ದಿನ ಢಬ್ ಎನ್ನುತ್ತದೆ.

ದೊಡ್ಡವರಾಗಿಯೇ ಇರಿ, ಯಾರು ಬೇಡವೆಂದರು? ಆ ರೆಡ್ಯೂಸರಿನ ಹಾಗೆ ಸಣ್ಣವರ ಕಡೆಗೂ ಅವರ ಅಳತೆಯ ಒಂದು ಬಾಯಿ ಇಟ್ಟುಕೊಳ್ಳಿ. ಇವತ್ತು ಮನೆಗೆ ಹೋದವರೇ ಆಕೆಯ ಮಕ್ಕಳ ಹೆಸರು ಕೇಳಿ. ಸೊಸೆಯ ತವರಿನವರು ಬಂದರೆ ನಿಮ್ಮ ಮನೆ ತೋರಿಸುವ ಮೊದಲು ಅವರ ಮನೆಯ ಸಮಾಚಾರ ಕೇಳಿ. ಕೊಟ್ಟ ಮಜ್ಜಿಗೆ ಪೂರ್ತಿ ಕುಡಿಯಿರಿ.

ಅಂದಹಾಗೆ, ಹಣವಂತ ಬಯಸಿದ್ದು ನಡೆಯಿತು. ಮೇಷ್ಟರು ಆ ಸ್ನಾನದ ಸುದ್ದಿಯನ್ನು ಆರು ತಿಂಗಳಲ್ಲ, ಆರು ವರ್ಷ ಹೇಳಿದರು. ನನಗೆ ಹೇಳಿದ್ದೂ ಅವರೇ. ನೀವೂ ಹೇಳಿ, ಮಗನಿಗೆ ಹೆಣ್ಣು ಹುಡುಕುತ್ತಿರುವ ಒಬ್ಬರಿಗಾದರೂ ಹೇಳಿ. ಹೇಳುವಾಗ ಅಳತೆ ತಪ್ಪಬೇಡಿ: ಶವರಿನ ಪೈಪು ಒಂದಿಂಚು, ಗೋಡೆಯೊಳಗಿನದು ಅರ್ಧ. ಮರೆತರೆ ಬಂದು ನನ್ನನ್ನು ಕೇಳಿ. ನನಗೆ ನೆನಪಿರುತ್ತದೆ.