ಸರಪಳಿ ಪ್ರಾರ್ಥನೆಗೆ ನಾನು ಕಳಿಸಿದ ವಿಷಯ

ಹೆಸರು: ಜೊವಿತಾ ದಾವೊಯನ್. ವಯಸ್ಸು: 38 ವರ್ಷ. ಕಸುಬು: ಶಿಶುವಿಹಾರದ ಶಿಕ್ಷಕಿ, ನಮ್ಮೂರಿನ ಸುವಾರ್ತಾ ಸಭೆಯ, ಎಂದರೆ ಚರ್ಚಿನ, ಯುವಜನ ಸಂಘದ ಕಾರ್ಯದರ್ಶಿ. ವಾಸ: ಪಾಲಾಯಾನ್ ಗ್ರಾಮ, ಬೆಂಗೆಟ್ ಪ್ರಾಂತ್ಯ. ಹಾಲಿ ಮೊಕ್ಕಾಂ: ಮನಿಲಾ ನಗರ, ತೊಂಡೊ, ನಮಗೆ ಇಳಿದುಕೊಳ್ಳಲು ಜಾಗ ಕೊಟ್ಟಿರುವ ಸಭೆಯ ಮಹಡಿ.

ಮೇಲ್ಕಂಡ ನಾನು ಈ ಠಾಣೆಯ ಮಹಿಳಾ ಮತ್ತು ಮಕ್ಕಳ ವಿಭಾಗದ ಸಾರ್ಜೆಂಟ್ ಬೆನಿಲ್ಡಾ ಅವರ ಎದುರು ಕುಳಿತು, ಯಾರ ಒತ್ತಾಯವೂ ಇಲ್ಲದೆ, ಬೇರೆ ರೀತಿ ಹೇಳು ಎಂಬ ಒತ್ತಾಯ ಇದ್ದಾಗ್ಯೂ, ಬರೆಸುತ್ತಿರುವುದು ಏನೆಂದರೆ:

ದಿನಾಂಕ 4-5-2019ರ ಶನಿವಾರ ಬೆಳಿಗ್ಗೆ 9 ಗಂಟೆಗೆ ನಾನು ಮತ್ತು ಸಂಘದ ಹದಿನಾಲ್ಕು ಜನ ಯುವಕ ಯುವತಿಯರು ಊರಿನಿಂದ ಬಸ್ಸಿನಲ್ಲಿ ಹೊರಟು ಸಂಜೆ 5-30ಕ್ಕೆ ಮನಿಲಾ ತಲುಪಿದೆವು. ಒಂದು ವಾರ ಸುವಾರ್ತಾ ಸೇವೆ ಮಾಡುವುದು, ಮಾರುಕಟ್ಟೆಯ ಹಿಂದಿನ ಕೇರಿಯ ಮಕ್ಕಳಿಗೆ ಬೆಳಿಗ್ಗೆ ಗಂಜಿ ಕೊಡುವುದು, ಗೊಂಬೆಯಾಟ ತೋರಿಸುವುದು ನಮ್ಮ ಕಾರ್ಯಕ್ರಮ. ಎಲ್ಲರೂ ಕಿತ್ತಳೆ ಬಣ್ಣದ ಅಂಗಿ ಹಾಕಿದ್ದೆವು. ಬೆನ್ನಿನ ಮೇಲೆ ‘ನಗರಕ್ಕೆ ಬೆಳಕು’ ಎಂದು ಅಚ್ಚು ಹಾಕಿಸಿದ್ದು ನಾನೇ. ಆ ಸಭೆಯಲ್ಲಿ ಅಡುಗೆ ನೋಡಿಕೊಳ್ಳುವ ಅಲಿಂಗ್ ಪೂರಿಂಗ್ ಎಂಬ ಹಿರಿಯ ಹೆಂಗಸು ನಮ್ಮನ್ನು ಬಾಗಿಲಲ್ಲೇ ನೋಡಿ, ಬೆಳಕು ಬಂತು ಕಣ್ರೇ, ಇನ್ನು ಕರೆಂಟ್ ಬಿಲ್ ಯಾರು ಕಟ್ತಾರೋ ಎಂದಳು. ಹುಡುಗರು ನಕ್ಕರು. ನನಗೆ ಮಾತ್ರ ಸಿಟ್ಟು ಬಂತು.

ನಮ್ಮ ಸಭೆಯಲ್ಲಿ ಸರಪಳಿ ಪ್ರಾರ್ಥನೆ ಎಂಬುದೊಂದು ರೂಢಿ ಇದೆ. ಯಾರಾದರೂ ಸೇವೆಗೆ ಹೊರಟರೆ ಊರಿನ ಒಂದೊಂದು ಮನೆಯವರು ದಿನಕ್ಕೆ ಒಂದೊಂದು ಗಂಟೆ ಹಂಚಿಕೊಂಡು ಅವರಿಗಾಗಿ ಪ್ರಾರ್ಥಿಸುತ್ತಾರೆ. ಹೋದವರು ಅಂದಂದಿನ ಪ್ರಾರ್ಥನಾ ವಿಷಯಗಳನ್ನು ಸಂಜೆ ಮೊಬೈಲಿನ ಗುಂಪಿಗೆ ಕಳಿಸಬೇಕು. ಅದರಲ್ಲಿ ಎಪ್ಪತ್ತೊಂದು ಜನ ಇದ್ದಾರೆ. ಮರುದಿನ ಬೆಳಿಗ್ಗೆ 5 ಗಂಟೆಯ ಆರಾಧನೆಯಲ್ಲಿ ಪಾಸ್ಟರ್ ಎಲಿಸಿಯೊ ಅವರು ಅದನ್ನೇ ಗಟ್ಟಿಯಾಗಿ ಓದುತ್ತಾರೆ. ಗುರಿ ಇಲ್ಲದೆ ಪ್ರಾರ್ಥನೆ ಮಾಡಬಾರದು, ಹೆಸರು, ಊರು, ಕಷ್ಟ ಮೂರೂ ಇರಬೇಕು ಎಂದು ಅವರು ನಮಗೆ ಚಿಕ್ಕಂದಿನಿಂದ ಕಲಿಸಿದ್ದಾರೆ. ವಿಷಯ ಬರೆದು ಕಳಿಸುವ ಕೆಲಸ ನನ್ನದಾಗಿತ್ತು.

ಶನಿವಾರ ನಾನು ಕಳಿಸಿದ ವಿಷಯ: ಪ್ರಯಾಣ ಸುಖವಾಗಿತ್ತು, ಸ್ತೋತ್ರ. ಭಾನುವಾರದ ವಿಷಯ: ನಮ್ಮ ಗಿಟಾರಿನ ಕ್ರಿಸ್ಪಿನ್‌ಗೆ ಹೊಟ್ಟೆ ಕೆಟ್ಟಿದೆ, ಬಿಡುಗಡೆಗಾಗಿ ಪ್ರಾರ್ಥಿಸಿ. ಅದಕ್ಕೆ ಊರಿನಿಂದ ಹನ್ನೊಂದು ಆಮೆನ್ ಬಂದವು. ಒಬ್ಬರು, ಟೀಚರ್, ಸುವಾರ್ತೆಗೆ ಹೋದ್ರೋ ಆಸ್ಪತ್ರೆಗೆ ಹೋದ್ರೋ ಎಂದು ಕೇಳಿದ್ದರು. ನನಗೆ ಅವಮಾನವಾಯಿತು. ಇದನ್ನು ಏಕೆ ಹೇಳುತ್ತಿದ್ದೇನೆ ಎಂದರೆ, ಮುಂದಿನದು ನಡೆದದ್ದು ಇದರಿಂದಲೇ.

ದಿನಾಂಕ 6-5-2019ರ ಸೋಮವಾರ ಬೆಳಿಗ್ಗೆ ಸುಮಾರು 9 ಗಂಟೆಗೆ ಸಭೆಯ ಅಂಗಳದಲ್ಲಿ ಗಂಜಿ ಬಡಿಸುತ್ತಿದ್ದಾಗ ಸಾಲಿನಲ್ಲಿದ್ದ ಒಂದು ಹೆಣ್ಣುಮಗು ಬಟ್ಟಲು ಕೆಳಗೆ ಹಾಕಿ, ಟೀಚರ್ ಎಂದು ಕೂಗಿ ನನ್ನ ಸೊಂಟ ಹಿಡಿದುಕೊಂಡಿತು. ನೋಡಿದರೆ ನಮ್ಮೂರಿನ ಲೀಸೆಲ್, ವಯಸ್ಸು ಈಗ 6. ಒಂದು ವರ್ಷ ಎರಡು ತಿಂಗಳ ಹಿಂದಿನವರೆಗೂ ನನ್ನ ಶಿಶುವಿಹಾರದಲ್ಲಿ ಮುಂದಿನ ಚಾಪೆಯಲ್ಲಿ ಕೂರುತ್ತಿದ್ದವಳು. ಅವಳ ತಾಯಿ ಡೆಲಿಸಾ, 27 ವರ್ಷ, ಒಂದು ದಿನ ಮಗುವನ್ನು ಕರೆದುಕೊಂಡು ಊರಿನಿಂದ ಕಾಣೆಯಾಗಿದ್ದಳು. ಯಾರ ಜೊತೆಗೋ ಓಡಿಹೋದಳು ಎಂದು ಊರು ಮಾತಾಡಿತ್ತು. ನಾನೂ ಮಾತಾಡಿದ್ದೆ. ಆದರೆ ಅವಳು ಹೋಗುವ ಮೊದಲು ಎರಡು ಸಲ ಅವಳ ಕತ್ತಿನ ಮೇಲೆ ಬೆರಳಿನ ಗುರುತು ನೋಡಿದ್ದೆ. ಕೇಳಿರಲಿಲ್ಲ.

ಮಗು ನನ್ನ ಕೈ ಹಿಡಿದು ಅಂಗಳದಿಂದ ಸುಮಾರು 70 ಮೀಟರ್ ದೂರದ ನೀರಿನ ಟ್ಯಾಂಕಿನ ಬಳಿಗೆ ಕರೆದುಕೊಂಡು ಹೋಯಿತು. ಅಲ್ಲಿ ಡೆಲಿಸಾ ಬೇರೆಯವರ ಬಟ್ಟೆ ಒಗೆಯುತ್ತಿದ್ದಳು. ನನ್ನನ್ನು ನೋಡಿ ಮೊದಲು ಎದ್ದು ಓಡಲು ಹೋದಳು, ಆಮೇಲೆ ಕೂತು ಅತ್ತಳು. ಗಂಡ ರೊಡೆಲ್ ಕುತ್ತಿಗೆ ಹಿಸುಕಿದ್ದು, ಒಲೆಯ ಕೊಳ್ಳಿಯಿಂದ ತೊಡೆ ಸುಟ್ಟಿದ್ದು ಹೇಳಿದಳು. ತೊಡೆ ತೋರಿಸಿದಳು. ರೊಡೆಲ್ ನಮ್ಮೂರಿನ ತರಕಾರಿ ಲಾರಿಯ ಚಾಲಕ, ವಾರಕ್ಕೆ ಮೂರು ಸಲ ಎಲೆಕೋಸು ಹೇರಿಕೊಂಡು ಇದೇ ಮನಿಲಾಕ್ಕೆ ಬರುತ್ತಾನೆ. ಇದು ಅವಳಿಗೂ ಗೊತ್ತು, ನನಗೂ ಗೊತ್ತು. ಇಷ್ಟು ದೊಡ್ಡ ಊರಲ್ಲಿ ಎಲ್ಲಿ ಅಂತ ಹುಡುಕ್ತಾನೆ ಅಕ್ಕಾ, ಅದಕ್ಕೇ ಇಲ್ಲೇ ಇದ್ದೀನಿ ಎಂದಳು. ಊರಲ್ಲಿ ಯಾರಿಗೂ ಹೇಳ್ಬೇಡಿ, ಸತ್ತೋದ್ಲು ಅಂತಾನೇ ಇರ್ಲಿ ಎಂದಳು. ನಿನಗೋಸ್ಕರ ಪ್ರಾರ್ಥನೆ ಮಾಡ್ಲಾ ಎಂದು ನಾನು ಕೇಳಿದೆ. ಮಾಡಿ, ಆದ್ರೆ ನೀವೊಬ್ರೇ ಮಾಡಿ ಎಂದಳು. ಆಯ್ತಮ್ಮ ಎಂದೆ. ಆಯ್ತು ಎಂದದ್ದು ನನಗೆ ಸ್ಪಷ್ಟವಾಗಿ ನೆನಪಿದೆ.

ಅದೇ ದಿನ ಸಂಜೆ 6-50ಕ್ಕೆ ನಾನು ಗುಂಪಿಗೆ ವಿಷಯ ಕಳಿಸಿದೆ. ನಮ್ಮೂರಿನ ಒಬ್ಬ ಸಹೋದರಿ ಮಗುವಿನೊಂದಿಗೆ ಇಲ್ಲಿ ಕಷ್ಟದಲ್ಲಿ ಸಿಕ್ಕಿದ್ದಾಳೆ, ಅವಳ ಕುಟುಂಬ ಮತ್ತೆ ಒಂದಾಗಲಿ ಎಂದು ಬರೆದಿದ್ದೆ. ಹೆಸರು ಬರೆದಿರಲಿಲ್ಲ. ಹೆಸರು ಬರೆಯಲಿಲ್ಲವಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ. ಕುಟುಂಬ ಒಂದಾಗಲಿ ಎಂಬ ಮಾತನ್ನು ಡೆಲಿಸಾ ನನಗೆ ಹೇಳಿರಲಿಲ್ಲ. ಇಂಥ ವಿಷಯದ ಕೊನೆಗೆ ನಾವು ಹಾಗೆ ಬರೆಯುವುದು ಅಭ್ಯಾಸ, ಬರೆದೆ.

7-30ಕ್ಕೆ ಪಾಸ್ಟರ್ ಉತ್ತರಿಸಿ, ಯಾರಮ್ಮ ಅದು, ಹೆಸರಿಲ್ಲದೆ ಸಭೆ ಹೇಗೆ ಪ್ರಾರ್ಥಿಸಬೇಕು ಎಂದು ಕೇಳಿದರು. 7-34ಕ್ಕೆ ನಾನು ಡೆಲಿಸಾ ಮತ್ತು ಲೀಸೆಲ್ ಎಂದು ಬರೆದೆ. ಪಾಸ್ಟರ್ ಕೇಳಿದ್ದು ಹೆಸರು ಮಾತ್ರ. ತೊಂಡೊ, ಮಾರುಕಟ್ಟೆ ಹಿಂದೆ, ನಾವಿರುವ ಸಭೆಯ ಹತ್ತಿರದ ನೀರಿನ ಟ್ಯಾಂಕಿನ ಬಳಿ ಬಟ್ಟೆ ಒಗೆದು ಬದುಕುತ್ತಿದ್ದಾಳೆ ಎಂಬುದನ್ನು ನಾನಾಗಿಯೇ ಸೇರಿಸಿದೆ. ಮಗು ದಿನಾ ನಮ್ಮ ಗಂಜಿ ಸಾಲಿಗೆ ಬರುತ್ತದೆ ಎಂಬುದನ್ನೂ ಸೇರಿಸಿದೆ. ಇದರ ತಪ್ಪನ್ನು ಪಾಸ್ಟರ್ ತಲೆಗೆ ಕಟ್ಟಲಾರೆ.

ಸಾರ್ಜೆಂಟ್ ಅವರು, ಆ ಗುಂಪಿನಲ್ಲಿ ರೊಡೆಲ್ ಕಡೆಯವರು ಇದ್ದಾರೆ ಎಂದು ಗೊತ್ತಿರಲಿಲ್ಲವೇ ಎಂದು ಕೇಳಿದ್ದಕ್ಕೆ: ಗೊತ್ತಿತ್ತು. ಅವನ ತಾಯಿ ಸರಪಳಿಯಲ್ಲಿ ಬೆಳಿಗ್ಗೆ 6ರಿಂದ 7ರ ಗಂಟೆ ಹಿಡಿದಿರುವವಳು. ಬರೆಯುವಾಗ ಅವಳ ನೆನಪು ಬಂತೇ ಎಂದು ಕೇಳಿದ್ದಕ್ಕೆ: ಬಂತು. ಆ ಮುದುಕಿಯೂ ಮೊಮ್ಮಗಳಿಗಾಗಿ ಅಳುತ್ತಾಳೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನಾನು ಆಮೆನ್‌ಗಳನ್ನು ಎಣಿಸುತ್ತಿದ್ದೆ. ಅಂದು 58 ಬಂದವು. ಇದೇ ನೋಡಿ ಸೇವೆಯ ಫಲ ಎಂದು ಒಬ್ಬರು ಬರೆದರು. ಅದನ್ನು ನಾನು ಹುಡುಗರಿಗೆ ಓದಿ ಹೇಳಿದೆ. ಸಂತೋಷದಿಂದ ಮಲಗಿದೆ.

ಮಂಗಳವಾರ ವಿಶೇಷವೇನೂ ನಡೆಯಲಿಲ್ಲ. ಡೆಲಿಸಾ ಮಗುವಿನ ಕೈಯಲ್ಲಿ ನನಗೆ ನಾಲ್ಕು ಬಾಳೆಹಣ್ಣು ಕಳಿಸಿದ್ದಳು. ತಿಂದೆ.

ದಿನಾಂಕ 8-5-2019ರ ಬುಧವಾರ ಬೆಳಿಗ್ಗೆ 9-40ಕ್ಕೆ ನಾನು ಗಂಜಿ ಪಾತ್ರೆಯ ಬಳಿ ಇದ್ದೆ. ಸಾಲಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳಿದ್ದರು, ಲೀಸೆಲ್ ಆರನೆಯವಳು. ನನ್ನಿಂದ ಸುಮಾರು 12 ಮೀಟರ್ ದೂರದ ಗೇಟಿನಲ್ಲಿ ರೊಡೆಲ್ ನಿಂತಿದ್ದ. ತಲೆ ಬಾಚಿ, ಒಗೆದ ಅಂಗಿ ಹಾಕಿದ್ದ. ನನ್ನನ್ನು ನೋಡಿ ಕೈ ಎತ್ತಿ, ಟೀಚರಕ್ಕಾ, ನಿಮ್ಮ ಪ್ರಾರ್ಥನೆಗೆ ಉತ್ತರ ಬಂದಿದೆ ನೋಡಿ ಎಂದು ನಕ್ಕ. ಪರವೂರಿನಲ್ಲಿ ನಮ್ಮೂರಿನ ಮುಖ ಕಂಡಿತೆಂದು ನಾನೂ ನಕ್ಕೆ. ಊಟ ಆಯ್ತಾ ಎಂದು ಕೇಳಿದೆ. ಹೀಗೆ ಕೇಳಿದ್ದು ಬರೆಯಲೇಬೇಕೇ ಎಂದು ಈ ಹೇಳಿಕೆ ಬರೆದುಕೊಳ್ಳುತ್ತಿರುವ ಠಾಣೆಯ ಬರಹಗಾರರು ಕೇಳಿದರು. ಬರೆಯಿರಿ ಎಂದೆ. ಕ್ರಿಸ್ಪಿನ್ ಅವನ ಕೈಗೆ ಗಂಜಿ ಬಟ್ಟಲೂ ಕೊಟ್ಟ.

ಅವನು ಬಟ್ಟಲನ್ನು ಗೋಡೆಯ ಮೇಲಿಟ್ಟು, ಸಾಲಿಗೆ ಬಂದು ಮಗುವನ್ನು ಎತ್ತಿಕೊಂಡ. ಆಗ ನನಗೆ ಏನು ಮಾಡಿದ್ದೇನೆ ಎಂಬುದು ತಿಳಿಯಿತು. ಲೀಸೆಲ್ ನನ್ನ ತರಗತಿಯಲ್ಲಿ ಬಳಪ ಮುರಿದರೂ ಕೇರಿ ಕೇಳುವಂತೆ ಅರಚುತ್ತಿದ್ದ ಮಗು. ಅವನ ತೋಳಿನಲ್ಲಿ ಅದು ಉಸಿರೆತ್ತಲಿಲ್ಲ, ಸೌದೆಯಂತೆ ಸೆಟೆದುಕೊಂಡಿತ್ತು. ನನ್ನನ್ನೇ ನೋಡುತ್ತಿತ್ತು.

ಸಾಲಿನ ಮಕ್ಕಳು ಕೂಗಿದ್ದು ಕೇಳಿ ಡೆಲಿಸಾ ಬಟ್ಟೆ ಬಡಿಯುವ ಮರದ ಹಲಗೆಯನ್ನು ಕೈಯಲ್ಲಿ ಹಿಡಿದೇ ಓಡಿಬಂದಳು. ಮಗೂನ ಬಿಡು, ನನ್ನ ಏನಾದ್ರೂ ಮಾಡ್ಕೋ ಎಂದಳು. ಅವಳು ಹೊಡೆಯಲಿಲ್ಲ. ರೊಡೆಲ್ ಎಡಗೈಯಲ್ಲಿ ಮಗುವನ್ನು ಹಿಡಿದುಕೊಂಡು ಬಲಗೈಯಲ್ಲಿ ಆ ಹಲಗೆಯನ್ನು ಕಿತ್ತುಕೊಂಡು ಅವಳ ಎಡ ಮುಂಗೈಗೆ ಎರಡು ಏಟು, ಕಿವಿಯ ಮೇಲೆ ಒಂದು ಏಟು ಹೊಡೆದ. ಮೂರನೆಯ ಏಟಿಗೆ ಅವಳು ಬಿದ್ದಳು. ಅಲಿಂಗ್ ಪೂರಿಂಗ್ ಗಂಜಿ ಸೌಟಿನಿಂದ ಅವನ ಬೆನ್ನಿಗೆ ಬಾರಿಸಿ, ಬೇವರ್ಸಿ, ನಿಮ್ಮಮ್ಮಂಗೆ ಹೊಡಿ ಹೋಗೋ ಎಂದು ಬೈಯುತ್ತ ಬೀದಿಯವರೆಗೂ ಅಟ್ಟಿಸಿಕೊಂಡು ಹೋದಳು. ಮಗುವಿನೊಂದಿಗೆ ಅವನು ಹತ್ತಿ ಹೋದ ಲಾರಿಯ ನಂಬರನ್ನು ನೋಡಿಕೊಂಡು ಬಂದು ಪೊಲೀಸರಿಗೆ ಫೋನ್ ಮಾಡಿದ್ದೂ ಅವಳೇ. ಅವನು ಬಂದಾಗಿನಿಂದ ಹೋಗುವವರೆಗೆ ನಾಲ್ಕು ನಿಮಿಷ. ಆ ನಾಲ್ಕು ನಿಮಿಷವೂ ನನ್ನ ಕೈಯಲ್ಲಿ ಒಂದು ಗಂಜಿ ಬಟ್ಟಲಿತ್ತು. ಕೆಳಗಿಡಲೂ ಇಲ್ಲ, ಎಸೆಯಲೂ ಇಲ್ಲ.

ಅದೇ ದಿನ 11-25ಕ್ಕೆ ನಮ್ಮೂರಿನ ಕಡೆ ಹೋಗುವ ಹೆದ್ದಾರಿಯ ಸುಂಕದ ಕಟ್ಟೆಯಲ್ಲಿ ಲಾರಿಯನ್ನು ತಡೆದು ಮಗುವನ್ನು ಇಳಿಸಿಕೊಂಡರು ಎಂದು ಸಾರ್ಜೆಂಟ್ ತಿಳಿಸಿದರು. ಮಗುವಿಗೆ ಗಾಯವಿಲ್ಲ. ರೊಡೆಲ್ ತನ್ನ ತಾಯಿಯ ಮೊಬೈಲಿನಿಂದ ತನಗೆ ಬಂದಿದ್ದ ನನ್ನ ಸಂದೇಶವನ್ನು ತೋರಿಸಿ, ಹೆಂಡತಿಯೇ ಸಭೆಯ ಮೂಲಕ ಕರೆಸಿಕೊಂಡಳು, ಕುಟುಂಬ ಒಂದಾಗಲಿ ಅಂತ ಟೀಚರೇ ಬರೆದಿದ್ದಾರೆ, ಹಲಗೆ ಎತ್ತಿಕೊಂಡು ಬಂದವಳು ಅವಳು ಎಂದು ಹೇಳಿಕೆ ಕೊಟ್ಟಿದ್ದಾನಂತೆ. ಅದು ನಿಜವೆಂದಾದರೆ ಅವನನ್ನು ಇಂದು ಸಂಜೆ ಬಿಡಬೇಕಾಗಬಹುದು, ಮಗುವೂ ಅವನ ಜೊತೆ ಹೋಗಬಹುದು ಎಂದು ಸಾರ್ಜೆಂಟ್ ಹೇಳಿದರು.

ಬುಧವಾರ ಸಂಜೆ 4-30ಕ್ಕೆ ನಾನು ಆಸ್ಪತ್ರೆಗೆ ಹೋಗಿ ಡೆಲಿಸಾಳನ್ನು ಕಂಡೆ. ಮುಂಗೈ ಮೂಳೆ ಎರಡು ಕಡೆ ಮುರಿದಿದೆ. ಬಲಗಿವಿ ಕೇಳಿಸುತ್ತಿಲ್ಲ. ನಾನು ಮಂಚದ ಪಕ್ಕ ನೆಲದ ಮೇಲೆ ಕುಳಿತು, ತಪ್ಪಾಯ್ತು ಡೆಲಿಸಾ, ನಾನೇ ಬರೆದೆ ಎಂದೆ. ಅವಳು ಎಡಗಿವಿ ನನ್ನ ಕಡೆ ತಿರುಗಿಸಿ ಇನ್ನೊಮ್ಮೆ ಹೇಳಿ ಎಂದಳು. ಇನ್ನೊಮ್ಮೆ ಹೇಳಿದೆ. ಎಷ್ಟು ಜನಕ್ಕೆ ಎಂದು ಕೇಳಿದಳು. ಎಪ್ಪತ್ತೊಂದು ಎಂದೆ. ಅವಳು ಬಯ್ಯಲಿಲ್ಲ. ಇನ್ಮೇಲೆ ನನಗೋಸ್ಕರ ಪ್ರಾರ್ಥನೆ ಮಾಡ್ಬೇಡಿ ಅಕ್ಕಾ ಎಂದು ಗೋಡೆಯ ಕಡೆ ತಿರುಗಿಕೊಂಡಳು. ಬೈದಿದ್ದರೆ ಎಷ್ಟೋ ಮೇಲಾಗಿತ್ತು.

ಅದೇ ದಿನ ಸಂಜೆ 7 ಗಂಟೆಗೆ ಮತ್ತು ಇಂದು ಬೆಳಿಗ್ಗೆ 6-15ಕ್ಕೆ ಪಾಸ್ಟರ್ ಎಲಿಸಿಯೊ ಅವರು ನನಗೆ ಫೋನ್ ಮಾಡಿದರು. ಡೆಲಿಸಾನೇ ಪ್ರಾರ್ಥನೆ ಕೇಳ್ಕೊಂಡ್ಲು ಅಂತ ಒಂದು ಮಾತು ಹೇಳಮ್ಮ, ಕೇಸ್ ಇಲ್ಲಿಗೇ ಮುಗಿಯುತ್ತೆ, ಗಂಡ ಹೆಂಡತಿನ ಕೂರಿಸಿ ನಾನು ಬುದ್ಧಿ ಹೇಳ್ತೀನಿ, ಸಭೆ ಹೆಸರು ಬೀದಿಗೆ ತರಬೇಡ ಎಂದರು. ನೀನೂ ಒಳ್ಳೇದಕ್ಕೇ ಮಾಡಿದ್ದಲ್ವಾ ಎಂದರು. ನನ್ನನ್ನು ಹನ್ನೆರಡನೇ ವಯಸ್ಸಿನಲ್ಲಿ ಹೊಳೆಯಲ್ಲಿ ಮುಳುಗಿಸಿ ದೀಕ್ಷಾಸ್ನಾನ ಕೊಟ್ಟವರು ಅವರು. ಅವರ ಮಾತು ಮೀರುವುದು ನನಗೆ ಇದೇ ಮೊದಲು. ಒಳ್ಳೆಯದಕ್ಕೇ ಮಾಡಿದೆ ಎಂದು ನಾನು ಹೇಳಲಾರೆ, ಏಕೆಂದರೆ ಒಳ್ಳೆಯ ಹೆಸರಿಗೆ ಮಾಡಿದ್ದೆ.

ಆದ್ದರಿಂದ ಸ್ಪಷ್ಟವಾಗಿ ಬರೆದುಕೊಳ್ಳಬೇಕೆಂದು ಕೋರುತ್ತೇನೆ. ಡೆಲಿಸಾ ಗಂಡನನ್ನು ಕರೆಸಿಲ್ಲ. ಯಾರಿಗೂ ಹೇಳಬೇಡಿ ಎಂದು ನನಗೆ ಹೇಳಿದ್ದಳು. ನಾನು ಒಪ್ಪಿ, ಹನ್ನೊಂದು ಗಂಟೆ ಕಳೆಯುವುದರೊಳಗೆ ಮಾತು ಮುರಿದೆ. ಕುಟುಂಬ ಒಂದಾಗಲಿ ಎಂಬುದು ನನ್ನ ಮಾತು, ಅವಳದಲ್ಲ. ಮೊದಲ ಏಟು ರೊಡೆಲನದು. ನ್ಯಾಯಾಲಯದಲ್ಲಿ ನಮ್ಮೂರಿನವರು ಮುಂದೆ ಕುಳಿತಿದ್ದರೂ ಇದನ್ನೇ ಹೇಳುತ್ತೇನೆ. ಹೇಳಿದ ಮೇಲೆ ಶಿಶುವಿಹಾರಕ್ಕೆ ಮಕ್ಕಳನ್ನು ಕಳಿಸುವುದು ಬಿಡುವುದು ಅವರಿಗೆ ಬಿಟ್ಟದ್ದು.

ಇಷ್ಟು ಬರೆಸಿದ ನಂತರ ಸಾರ್ಜೆಂಟ್ ಬೆನಿಲ್ಡಾ ಅವರು, ಇನ್ನು ತಾಯಿ, ಮಗು ಇಬ್ಬರನ್ನೂ ಇಂದು ಸಂಜೆಯೊಳಗೆ ಬೇರೆ ಕಡೆಗೆ ಸಾಗಿಸುತ್ತೇವೆ, ಮನಸ್ಸಿಗೆ ಸಮಾಧಾನವಾಗುವುದಾದರೆ ಎಲ್ಲಿ ಎಂದು ಹೇಳುತ್ತೇನೆ, ನೀವು ಅವಳ ಟೀಚರ್ ತಾನೇ ಎಂದರು. ನನಗೆ ತಿಳಿಯುವ ಆಸೆ ಬಹಳ ಇತ್ತು. ಬೇಡ ಮೇಡಂ, ನನಗೆ ಹೇಳಬೇಡಿ ಎಂದೆ.

ಇದನ್ನು ನನಗೆ ತಗಾಲೊಗ್ ಭಾಷೆಯಲ್ಲಿ ಓದಿ ಹೇಳಿ, ಇಲೊಕಾನೊ ಭಾಷೆಯಲ್ಲಿ ವಿವರಿಸಿದರು. ಒಂದು ಮಾತೂ ಕೂಡಿಸಿಲ್ಲ, ನನ್ನ ಮಾನ ಉಳಿಸಲು ಒಂದು ಮಾತೂ ಬಿಟ್ಟಿಲ್ಲ. ಎಲ್ಲವೂ ನಡೆದಂತೆಯೇ ಇದೆ ಎಂದು ಒಪ್ಪಿ ಕೆಳಗೆ ರುಜು ಹಾಕಿದ್ದೇನೆ.

ಸ್ಥಳ: ತೊಂಡೊ, ಮನಿಲಾ
ದಿನಾಂಕ: 9-5-2019, ಗುರುವಾರ, ಮಧ್ಯಾಹ್ನ 3-20

(ಸಹಿ) ಜೊವಿತಾ ದಾವೊಯನ್